ಗಾರ್ಡನ್ ಗ್ರೀನಿಜ್ ಬಗ್ಗೆ ಯಾಕೆ ಇಷ್ಟು ಕಡಿಮೆ ಮಾತು?

ಎರಡನೇ_ಸ್ಲಿಪ್

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊಟ್ಟಮೊದಲ ಟೆಸ್ಟಿನ ಸ್ಕೋರ್‌ಕಾರ್ಡ್ ನೋಡುತ್ತಿದ್ದೆ. 1974ರ ನವೆಂಬರ್ 22ಕ್ಕೆ ಶುರುವಾದ ಪಂದ್ಯ. ಭಾರತಕ್ಕೆ ಪಟೌಡಿ ನಾಯಕ, ವೆಸ್ಟ್ ಇಂಡೀಸ್‌ಗೆ ಕ್ಲೈವ್ ಲಾಯ್ಡ್, ಅವರಿಗೆ ನಾಯಕರಾಗಿ ಅದೇ ಮೊದಲ ಸರಣಿ. ಅವರ ತಂಡದಲ್ಲಿ ಇಬ್ಬರು ಹೊಸಬರು ಅವತ್ತು ಟೆಸ್ಟಿಗೆ ಕಾಲಿಟ್ಟರು. ಒಬ್ಬರು ವಿವ್ ರಿಚರ್ಡ್ಸ್. ಎರಡೂ ಇನ್ನಿಂಗ್ಸಿನಲ್ಲಿ ನಮ್ಮ ಚಂದ್ರಶೇಖರ್‌ಗೆ ಔಟ್, 4 ಮತ್ತು 3. ಇನ್ನೊಬ್ಬರು ಗಾರ್ಡನ್ ಗ್ರೀನಿಜ್, 93 ಮತ್ತು 107. ಆ 93 ಕೂಡ ರನ್ ಔಟ್! ಇನ್ನು ಏಳು ರನ್ ಬಂದಿದ್ದರೆ ಮೊದಲ ಟೆಸ್ಟಿನಲ್ಲೇ ಎರಡು ಸೆಂಚುರಿ.

ರಿಚರ್ಡ್ಸ್ ಹೆಸರು ಕ್ರಿಕೆಟ್ ನೋಡದವರಿಗೂ ಗೊತ್ತು. ಗ್ರೀನಿಜ್ ಹೆಸರು ನನ್ನ ವಯಸ್ಸಿನ ಗೆಳೆಯರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿರುವವರೂ 1983ರ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಬೌಲರ್ ಸಂಧು ಚೆಂಡಿಗೆ ಬ್ಯಾಟ್ ಎತ್ತಿ ಬೋಲ್ಡ್ ಆದವನು ಅಲ್ವಾ ಎನ್ನುತ್ತಾರೆ, ಅಷ್ಟೇ. 108 ಟೆಸ್ಟ್, 7558 ರನ್, 19 ಸೆಂಚುರಿ ಮಾಡಿದ ಆಟಗಾರನ ಬಗ್ಗೆ ನಮ್ಮ ನೆನಪು ಒಂದೇ ಒಂದು ಚೆಂಡಿಗೆ ಯಾಕೆ ನಿಂತುಹೋಯಿತು? ಅವರ ಆಟ ನೋಡಿದವರು, ಓದಿದವರು ಯಾರಾದರೂ ಸ್ವಲ್ಪ ವಿವರವಾಗಿ ಹೇಳುತ್ತೀರಾ? ನಿಜಕ್ಕೂ ದೊಡ್ಡ ಆಟಗಾರನೋ, ಅಥವಾ ದೊಡ್ಡ ತಂಡದಲ್ಲಿದ್ದ ಒಳ್ಳೆಯ ಆಟಗಾರನೋ?

ಹಳೇ_ಟ್ರಾನ್ಸಿಸ್ಟರ್

ದೊಡ್ಡ ಆಟಗಾರ. ಈ ಮಾತಿನಲ್ಲಿ ನನಗೆ ಒಂದಿಷ್ಟೂ ಅನುಮಾನ ಇಲ್ಲ.

ಮೊದಲು ಬೆಂಗಳೂರಿನ ಆ ಪಂದ್ಯದ ಬಗ್ಗೆ ಹೇಳುತ್ತೇನೆ. ಮಳೆಯಿಂದ ಮೈದಾನ ಒದ್ದೆ ಆಗಿತ್ತು, ಆಟ ತಡವಾಗಿ ಶುರುವಾಯಿತು. ಹಸಿ ಪಿಚ್ಚಿನಲ್ಲಿ ನಮ್ಮ ಸ್ಪಿನ್ನರ್‌ಗಳು. ಮೊದಲ ಇನ್ನಿಂಗ್ಸಿನಲ್ಲಿ ಕಾಳೀಚರಣ್ 124 ಹೊಡೆದು ತಂಡವನ್ನು ಎತ್ತಿದರು, ತಂಡದ ಮೊತ್ತವೇ 289. ಅಂಥ ಕಡೆ, 23 ವಯಸ್ಸಿನ, ಇಂಗ್ಲೆಂಡಿನಲ್ಲಿ ಆಟ ಕಲಿತ ಹುಡುಗ, ಚಂದ್ರ ಮತ್ತು ವೆಂಕಟರಾಘವನ್ ಎದುರು 93 ಮಾಡುತ್ತಾನೆ ಎಂದರೆ ಸುಮ್ನೆ ಅಲ್ಲ. ಎರಡನೇ ಇನ್ನಿಂಗ್ಸಿನಲ್ಲಿ ಲಾಯ್ಡ್ 163 ಹೊಡೆದರು, ಆ ಹೊಡೆತದ ಅಬ್ಬರದಲ್ಲಿ ಪಕ್ಕದಲ್ಲಿದ್ದ 107 ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ನಾವು 118ಕ್ಕೆ ಆಲೌಟ್, ಪಟೌಡಿ ಮತ್ತು ಫಾರೂಖ್ ಎಂಜಿನಿಯರ್ ಇಬ್ಬರೂ ಗಾಯದಿಂದ ಬ್ಯಾಟ್ ಮಾಡಲು ಬರಲಿಲ್ಲ, 267 ರನ್ ಸೋಲು. ಅದಾದ ಮೇಲೆ ದೆಹಲಿಯಲ್ಲಿ ರಿಚರ್ಡ್ಸ್ ಔಟಾಗದೆ 192 ಹೊಡೆದರು. ಆಮೇಲೆ ಎಲ್ಲರೂ ಅವರನ್ನೇ ನೋಡಲು ಶುರು ಮಾಡಿದರು.

ಗ್ರೀನಿಜ್ ಹುಟ್ಟಿದ್ದು ಬಾರ್ಬಡೋಸ್‌ನ ಸೇಂಟ್ ಪೀಟರ್‌ನಲ್ಲಿ, 1951ರ ಮೇ 1. ಹದಿನಾಲ್ಕನೇ ವಯಸ್ಸಿಗೆ ಇಂಗ್ಲೆಂಡಿನ ರೆಡಿಂಗ್‌ಗೆ ಹೋದರು. ಅಲ್ಲಿ ಶಾಲೆ, ಅಲ್ಲಿಂದ ಇಂಗ್ಲೆಂಡಿನ ದೇಶೀಯ ಕ್ರಿಕೆಟ್‌ನ ಹ್ಯಾಂಪ್‌ಶೈರ್ ಕೌಂಟಿ ತಂಡ, 1970ರಿಂದ ಮೊದಲ ತಂಡದಲ್ಲಿ ಆಟ. ಬೇಕಿದ್ದರೆ ಇಂಗ್ಲೆಂಡ್ ಪರ ಆಡಬಹುದಿತ್ತು. ಆಡಲಿಲ್ಲ, ವೆಸ್ಟ್ ಇಂಡೀಸ್ ಆರಿಸಿಕೊಂಡರು. ಇಂಗ್ಲೆಂಡಿನಲ್ಲಿ ಅವರು ಕರಿಯ ವಲಸಿಗ, ಬಾರ್ಬಡೋಸ್‌ಗೆ ವಾಪಸ್ ಹೋದರೆ ಇಂಗ್ಲೆಂಡಿನವನು. ಎರಡು ಕಡೆಯೂ ಪೂರ್ತಿ ನಮ್ಮವನು ಎನ್ನಿಸಿಕೊಳ್ಳದ ಕಷ್ಟ ಅದು. ರಿಚರ್ಡ್ಸ್‌ಗೆ ಆಂಟಿಗಾ ಇತ್ತು, ಇಡೀ ದ್ವೀಪವೇ ಹಿಂದೆ ನಿಂತಿತ್ತು. ಗ್ರೀನಿಜ್‌ಗೆ ಶುರುವಿನಲ್ಲಿ ಹಾಗೆ ಯಾರೂ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಸರಾಸರಿ_ಲೆಕ್ಕ

ಸರ್, ನಿಮ್ಮ ಮೇಲೆ ಗೌರವ ಇದೆ, ಆದರೆ ನಾನು ಒಪ್ಪುವುದಿಲ್ಲ. ಟೆಸ್ಟ್ ಸರಾಸರಿ 44.72. ಅದೇ ಕಾಲದ ಓಪನರ್‌ಗಳಲ್ಲಿ ಗಾವಸ್ಕರ್ 51.12, ಬಾಯ್ಕಾಟ್ 47.72. ಗಾವಸ್ಕರ್ ಎದುರಿಸಿದ್ದು ವೆಸ್ಟ್ ಇಂಡೀಸ್ ವೇಗಿಗಳಾದ ರಾಬರ್ಟ್ಸ್, ಹೋಲ್ಡಿಂಗ್, ಮಾರ್ಷಲ್, ಗಾರ್ನರ್. ಗ್ರೀನಿಜ್‌ಗೆ ಆ ನಾಲ್ವರೂ ತಮ್ಮ ತಂಡದಲ್ಲೇ ಇದ್ದರು. ಎದುರಾಳಿ 150ಕ್ಕೆ ಔಟಾದ ಮೇಲೆ ಧೈರ್ಯವಾಗಿ ಬ್ಯಾಟ್ ಬೀಸುವುದು ಬೇರೆ, ಗಾವಸ್ಕರ್ ತರಹ ಒಂಟಿಯಾಗಿ ನಿಲ್ಲುವುದು ಬೇರೆ. 1975-76ರಲ್ಲಿ ಆಸ್ಟ್ರೇಲಿಯಾದ ವೇಗಿಗಳಾದ ಲಿಲ್ಲಿ, ಥಾಮ್ಸನ್ ಎದುರು ಬ್ರಿಸ್ಬೇನ್‌ನಲ್ಲಿ ಎರಡೂ ಇನ್ನಿಂಗ್ಸ್ ಸೊನ್ನೆ, ಆ ಪ್ರವಾಸದಲ್ಲೇ ತಂಡದಿಂದ ಹೊರಗೆ. ನಿಜವಾದ ವೇಗ ಬಂದಾಗ ಏನಾಯಿತು ಎಂದು ಅಲ್ಲೇ ಗೊತ್ತಾಗುತ್ತದೆ.

ಒಳ್ಳೆಯ ಆಟಗಾರ. ಬಹಳ ಒಳ್ಳೆಯ ಆಟಗಾರ. ಅದಕ್ಕಿಂತ ಮೇಲೆ ಹೇಳಲು ನನ್ನಿಂದ ಆಗುವುದಿಲ್ಲ.

ಕುಂಟುವ_ಓಪನರ್

ಬ್ರಿಸ್ಬೇನ್ ಮಾತು ತೆಗೆದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಆ ಪ್ರವಾಸ ವೆಸ್ಟ್ ಇಂಡೀಸ್ 5-1ರಲ್ಲಿ ಸೋತ ಪ್ರವಾಸ. ಬರೀ ಗ್ರೀನಿಜ್ ಅಲ್ಲ, ಇಡೀ ತಂಡವೇ ನಲುಗಿತ್ತು. ಆದರೆ ಅಲ್ಲಿಗೆ ನಿಲ್ಲಿಸಬೇಡಿ, ಮುಂದಿನ ಆರು ತಿಂಗಳು ನೋಡಿ.

1976, ಇಂಗ್ಲೆಂಡ್. ವೆಸ್ಟ್ ಇಂಡೀಸನ್ನು ಮಂಡಿಯೂರಿಸುತ್ತೇವೆ ಎಂಬ ಅರ್ಥದ ಮಾತನ್ನು ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್ ಸರಣಿಗೆ ಮುಂಚೆ ಟಿವಿಯಲ್ಲಿ ಆಡಿದ್ದರು. ಓಲ್ಡ್ ಟ್ರಾಫರ್ಡ್ ಟೆಸ್ಟ್. ಬಿರುಕು ಬಿಟ್ಟ ಪಿಚ್, ವೆಸ್ಟ್ ಇಂಡೀಸ್ 26 ರನ್‌ಗೆ 4 ವಿಕೆಟ್. ಅಲ್ಲಿಂದ ಗ್ರೀನಿಜ್ 134. ತಂಡದ ಮೊತ್ತ ಎಷ್ಟು ಗೊತ್ತಾ, 211! ಅಂದರೆ ಮೂರು ಪಾಲಿನಲ್ಲಿ ಹತ್ತಿರಹತ್ತಿರ ಎರಡು ಪಾಲು ಅವರೊಬ್ಬರದೇ. ಅದೇ ಪಿಚ್ಚಿನಲ್ಲಿ ಇಂಗ್ಲೆಂಡ್ 71ಕ್ಕೆ ಆಲೌಟ್. ಎರಡನೇ ಇನ್ನಿಂಗ್ಸಿನಲ್ಲಿ ಮತ್ತೆ 101. ಮುಂದಿನ ಟೆಸ್ಟ್ ಹೆಡಿಂಗ್ಲೆಯಲ್ಲಿ 115. ಸತತ ಮೂರು ಇನ್ನಿಂಗ್ಸ್, ಮೂರು ಸೆಂಚುರಿ. ಸರಣಿಯಲ್ಲಿ 592 ರನ್. ಆದರೆ ರಿಚರ್ಡ್ಸ್ ಅದೇ ಸರಣಿಯಲ್ಲಿ 829 ಹೊಡೆದುಬಿಟ್ಟರು, ಓವಲ್‌ನಲ್ಲಿ 291. ಮತ್ತೆ ಅದೇ ಕಥೆ. ಬೇರೆ ಯಾವ ತಂಡದಲ್ಲಾದರೂ 592 ಹೊಡೆದವನ ಹೆಸರೇ ಆ ಬೇಸಿಗೆಯ ಹೆಸರಾಗುತ್ತಿತ್ತು.

ತಂಡದ ಬೌಲರ್‌ಗಳ ಬೆಂಬಲ ಇತ್ತು ಎನ್ನುವುದು ಸರಿ. ಆದರೆ 26ಕ್ಕೆ 4 ಆದಾಗ ಹೋಲ್ಡಿಂಗ್ ಬಂದು ಬ್ಯಾಟ್ ಮಾಡಿ ಉಳಿಸುವುದಿಲ್ಲವಲ್ಲ. ಓಪನರ್ ಕೆಲಸ ಓಪನರೇ ಮಾಡಬೇಕು. ಇನ್ನು ವೇಗದ ಬೌಲಿಂಗ್ ಎದುರಿಸಲಿಲ್ಲ ಎನ್ನುವ ಮಾತು. ಕೌಂಟಿಯಲ್ಲಿ ಸಾಮರ್‌ಸೆಟ್‌ಗೆ ಗಾರ್ನರ್, ನಾಟಿಂಗ್‌ಹ್ಯಾಮ್‌ಶೈರ್‌ಗೆ ಹ್ಯಾಡ್ಲಿ, ಸಸೆಕ್ಸ್‌ಗೆ ಇಮ್ರಾನ್ ಆಡುತ್ತಿದ್ದ ಕಾಲ ಅದು. ಬಾರ್ಬಡೋಸ್ ಪರ ಆಡಲು ಹೋದರೆ ಎದುರಿಗೆ ಜಮೈಕಾದ ಹೋಲ್ಡಿಂಗ್, ಆಮೇಲೆ ವಾಲ್ಷ್. ಫಸ್ಟ್ ಕ್ಲಾಸ್‌ನಲ್ಲಿ 37 ಸಾವಿರಕ್ಕೂ ಜಾಸ್ತಿ ರನ್, 92 ಸೆಂಚುರಿ, ಇದು ಸ್ಪಿನ್ ಹೊಡೆದು ಬಂದ ಲೆಕ್ಕ ಅಲ್ಲ.

ಸರಾಸರಿ ಒಂದನ್ನೇ ಹಿಡಿದುಕೊಂಡರೆ 1984ರ ಲಾರ್ಡ್ಸ್ ಟೆಸ್ಟ್ ಅರ್ಥವೇ ಆಗುವುದಿಲ್ಲ. ಐದನೇ ದಿನ ಬೆಳಿಗ್ಗೆ ಇಂಗ್ಲೆಂಡ್ ನಾಯಕ ಡೇವಿಡ್ ಗೋವರ್ ಡಿಕ್ಲೇರ್ ಮಾಡುತ್ತಾರೆ, ಗುರಿ 342. ಆ ಕಾಲದಲ್ಲಿ ಐದನೇ ದಿನ 342 ಎಂದರೆ ಡ್ರಾ ಮಾಡಿಕೊಂಡರೆ ಸಾಕು ಎನ್ನುವ ಗುರಿ. ಜೊತೆಗೆ ಓಪನ್ ಮಾಡುತ್ತಿದ್ದ ಡೆಸ್ಮಂಡ್ ಹೇನ್ಸ್ 17ಕ್ಕೆ ರನ್ ಔಟ್. ಆಮೇಲೆ ಇನ್ನೊಂದು ವಿಕೆಟ್ ಬೀಳಲೇ ಇಲ್ಲ. ಗ್ರೀನಿಜ್ ಔಟಾಗದೆ 214, ಲ್ಯಾರಿ ಗೋಮ್ಸ್ ಔಟಾಗದೆ 92, ಒಂಬತ್ತು ವಿಕೆಟ್ ಗೆಲುವು, ಅದೂ ಓವರ್‌ಗಳು ಬಾಕಿ ಇರುವಾಗಲೇ. 242 ಚೆಂಡಿಗೆ 214! ಕಾಲು ನೋವಿನಿಂದ ಕುಂಟುತ್ತಿದ್ದರು. ಗ್ರೀನಿಜ್ ಕುಂಟಲು ಶುರು ಮಾಡಿದರೆ ಬೌಲರ್‌ಗಳಿಗೆ ಭಯ ಎನ್ನುವ ಮಾತು ಕ್ರಿಕೆಟ್‌ನಲ್ಲಿ ಸುಮ್ನೆ ಹುಟ್ಟಲಿಲ್ಲ. ಓಡುವುದು ಕಷ್ಟವಾದರೆ ಬೌಂಡರಿ ಹೊಡೆಯುತ್ತಿದ್ದರು. ಅದೇ ಸರಣಿಯಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ 223. ಇಂಗ್ಲೆಂಡ್ ಸ್ವಂತ ನೆಲದಲ್ಲಿ 5-0 ಸೋತಿತು.

ಸೌತಾಂಪ್ಟನ್_ಕನ್ನಡಿಗ

ಹ್ಯಾಂಪ್‌ಶೈರ್ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ, ನಾನು ಇರುವುದು ಅಲ್ಲೇ, ಸೌತಾಂಪ್ಟನ್‌ನಲ್ಲಿ. ಹ್ಯಾಂಪ್‌ಶೈರ್ ಹಳೆಯ ಮೈದಾನ ನಾರ್ತ್‌ಲ್ಯಾಂಡ್ಸ್ ರೋಡ್‌ನಲ್ಲಿತ್ತು. 2000ನೇ ಇಸವಿವರೆಗೆ ಅಲ್ಲಿ ಆಡಿದರು, ಈಗ ಅಲ್ಲಿ ಮನೆಗಳಿವೆ. ಗ್ರೀನಿಜ್ ನಿಜವಾಗಿ ತಯಾರಾಗಿದ್ದು ಅಲ್ಲಿ, ಅದಕ್ಕೆ ಕಾರಣ ದಕ್ಷಿಣ ಆಫ್ರಿಕಾದ ಬ್ಯಾರಿ ರಿಚರ್ಡ್ಸ್.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ವರ್ಣಭೇದದ ಕಾರಣ ದಕ್ಷಿಣ ಆಫ್ರಿಕಾವನ್ನು ಕ್ರಿಕೆಟ್‌ನಿಂದ ದೂರ ಇಟ್ಟಿದ್ದರು, ಬ್ಯಾರಿಗೆ ಸಿಕ್ಕಿದ್ದು ಬರೀ ನಾಲ್ಕು ಟೆಸ್ಟ್. ಆ ದೇಶದ ಬಿಳಿಯ ಆಟಗಾರ ಒಂದು ತುದಿಯಲ್ಲಿ, ಬಾರ್ಬಡೋಸ್‌ನಿಂದ ಬಂದ ಕರಿಯ ಹುಡುಗ ಇನ್ನೊಂದು ತುದಿಯಲ್ಲಿ, ಇಬ್ಬರೂ ಸೇರಿ ಕೌಂಟಿ ಬೌಲರ್‌ಗಳನ್ನು ಚಚ್ಚುತ್ತಿದ್ದರು. 1973ರಲ್ಲಿ ಹ್ಯಾಂಪ್‌ಶೈರ್ ಚಾಂಪಿಯನ್‌ಶಿಪ್ ಗೆದ್ದಿತು. ಜಗತ್ತಿನ ಅತಿ ಚೆಂದದ ಬ್ಯಾಟಿಂಗ್ ಇಪ್ಪತ್ತೆರಡು ಗಜ ದೂರದಿಂದ ದಿನಾ ನೋಡುತ್ತಾ ಬೆಳೆದರೆ ತಂತ್ರ ಗಟ್ಟಿಯಾಗದೆ ಇನ್ನೇನಾಗುತ್ತದೆ? ಗ್ರೀನಿಜ್ ಡಿಫೆನ್ಸ್ ನೋಡಿ, ಎಡಮೊಣಕೈ ಮೇಲೆ, ಬ್ಯಾಟ್ ನೇರ, ಪುಸ್ತಕದಲ್ಲಿ ಬರೆದಂತೆ. ಮುಂದಿನ ಚೆಂಡಿಗೆ ಒಂದು ಕಾಲು ಗಾಳಿಯಲ್ಲಿ ಎತ್ತಿ ಹುಕ್. ಈ ಎರಡೂ ಒಬ್ಬನಲ್ಲೇ ಇದ್ದದ್ದು ಅಪರೂಪ. ಕೆರಿಬಿಯನ್ ಹೊಡೆತ ಮತ್ತು ಇಂಗ್ಲಿಷ್ ಡಿಫೆನ್ಸ್ ಎಂದು ಬೇರೆ ಮಾಡಿ ಹೇಳುವವರಿದ್ದಾರೆ, ನನಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ, ಕೆರಿಬಿಯನ್ ಆಟಗಾರರಿಗೆ ತಂತ್ರ ಇರುವುದಿಲ್ಲ ಎಂಬ ಹಳೆಯ ಅಹಂಕಾರ ಅದರೊಳಗೆ ಇದೆ.

1975ರಲ್ಲಿ ಸಸೆಕ್ಸ್ ವಿರುದ್ಧ ಸೌತಾಂಪ್ಟನ್‌ನಲ್ಲಿ 259 ಹೊಡೆದರು, ಅದರಲ್ಲಿ 13 ಸಿಕ್ಸರ್. ಇವತ್ತಿನ ದಪ್ಪ ಬ್ಯಾಟ್ ಅಲ್ಲ, ಹಗ್ಗ ಒಳಗೆ ಎಳೆದ ಬೌಂಡರಿಯೂ ಅಲ್ಲ. ಒಂದು ಕಾಲದಲ್ಲಿ ಇಂಗ್ಲೆಂಡಿನ ಮೂರೂ ಒನ್‌ಡೇ ಟೂರ್ನಿಗಳಲ್ಲಿ ಅತಿ ಹೆಚ್ಚು ವೈಯಕ್ತಿಕ ಸ್ಕೋರ್ ಅವರದೇ ಇತ್ತು.

ಸರಾಸರಿ_ಲೆಕ್ಕ

ಓಲ್ಡ್ ಟ್ರಾಫರ್ಡ್ 134 ಬಗ್ಗೆ ವಾದ ಇಲ್ಲ, ಅದು ದೊಡ್ಡ ಇನ್ನಿಂಗ್ಸೇ. ಆದರೂ ನನ್ನ ಮಾತು ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಆಡಿದಂತೆ ಆಸ್ಟ್ರೇಲಿಯಾದಲ್ಲಿ ಆಡಲಿಲ್ಲ. ವಿಶ್ವಕಪ್‌ ಫೈನಲ್‌ಗಳಲ್ಲಿ 1975ರಲ್ಲಿ 13, 1979ರಲ್ಲಿ 9, 1983ರಲ್ಲಿ 1. ದೊಡ್ಡ ದಿನದಂದು ಆಡದವರನ್ನು ಜನ ಮರೆಯುತ್ತಾರೆ. ಅದು ಸಹಜ ಅಲ್ವಾ?

ಹಳೇ_ಟ್ರಾನ್ಸಿಸ್ಟರ್

1979ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ರನ್ ಗ್ರೀನಿಜ್ ಅವರದೇ, 253. ಎಜ್‌ಬಾಸ್ಟನ್‌ನಲ್ಲಿ ನಮ್ಮ ಮೇಲೆ ಔಟಾಗದೆ 106, ಸೆಮಿಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 73. ಸೆಮಿಫೈನಲ್ ದೊಡ್ಡ ದಿನ ಅಲ್ಲವೇ? ಒನ್‌ಡೇ ಸರಾಸರಿ 45.03, 11 ಸೆಂಚುರಿ, ಅದು ಆ ಕಾಲಕ್ಕೆ ಎಷ್ಟು ಜನಕ್ಕೆ ಇತ್ತು ಹೇಳಿ.

1983ರ ಫೈನಲ್ ಬಗ್ಗೆ ಇವತ್ತು ಬರೆದೇ ಬಿಡುತ್ತೇನೆ, ಬಹಳ ವರ್ಷದಿಂದ ಮನಸ್ಸಿನಲ್ಲಿದೆ. ನಮ್ಮ ಕಿರ್ಮಾನಿ, ಬಿನ್ನಿ ಇದ್ದ ತಂಡ, ನಮಗೆ ಅದು ಹಬ್ಬದ ದಿನ. ಸಂಧು ಚೆಂಡು ಒಳಗೆ ಬಂತು, ಗ್ರೀನಿಜ್ ಬ್ಯಾಟ್ ಎತ್ತಿದರು, ಬೋಲ್ಡ್. ಆ ತುಣುಕನ್ನು ಇವತ್ತಿಗೂ ಟಿವಿಯಲ್ಲಿ ಹಾಕುತ್ತಾರೆ, ನಾವು ಖುಷಿಪಡುತ್ತೇವೆ. ಖುಷಿಪಡಲಿ, ಸಂಧು ಒಳ್ಳೆಯ ಚೆಂಡೇ ಹಾಕಿದರು.

ಆದರೆ ಅದಕ್ಕೆ ಸುಮಾರು ಎರಡು ತಿಂಗಳ ಮುಂಚೆ, ಆಂಟಿಗಾದಲ್ಲಿ ಭಾರತದ ವಿರುದ್ಧವೇ ಟೆಸ್ಟ್ ನಡೆಯುತ್ತಿತ್ತು. ನಾವು 457 ಹೊಡೆದಿದ್ದೆವು, ಶಾಸ್ತ್ರಿ ಸೆಂಚುರಿ, ಕಪಿಲ್ 98. ಗ್ರೀನಿಜ್, ಹೇನ್ಸ್ ಮೊದಲ ವಿಕೆಟ್‌ಗೆ 296 ಸೇರಿಸಿದರು. ದಿನದ ಕೊನೆಗೆ ಗ್ರೀನಿಜ್ 154, ಔಟಾಗಿಲ್ಲ. ಆಗ ಬಾರ್ಬಡೋಸ್‌ನಿಂದ ಸುದ್ದಿ ಬಂತು, ಮಗಳಿಗೆ ಕಿಡ್ನಿ ಸೋಂಕು, ಸ್ಥಿತಿ ಗಂಭೀರ. ಆಟ ಬಿಟ್ಟು ಹೊರಟರು. ಎರಡು ದಿನದ ಮೇಲೆ ಮಗು ತೀರಿಕೊಂಡಿತು. ಅರ್ಧಕ್ಕೆ ಬಿಟ್ಟು ಹೋದವರನ್ನು ಔಟ್ ಎಂದು ಬರೆಯಬೇಕಾದ ಸಂದರ್ಭ ಅದು, ಆದರೆ ಸ್ಕೋರ್‌ಬುಕ್‌ನಲ್ಲಿ ಅವರ ಹೆಸರಿನ ಮುಂದೆ ನಾಟ್ ಔಟ್ ಎಂದೇ ಬರೆದರು. ಟೆಸ್ಟ್ ಇತಿಹಾಸದಲ್ಲಿ ಹಾಗೆ ಬರೆದದ್ದು ಅದೊಂದೇ.

ಮಗಳನ್ನು ಕಳೆದುಕೊಂಡ ಮನುಷ್ಯ ಎಂಟು ವಾರದೊಳಗೆ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಓಪನ್ ಮಾಡಲು ಇಳಿದ. ನಮಗೆ ನೆನಪಿರುವುದು ಆ ಚೆಂಡು ಮಾತ್ರ. ಅದಕ್ಕಾಗಿ ಬೋಲ್ಡ್ ಆದರು ಎಂದು ನಾನು ಹೇಳುವುದಿಲ್ಲ, ಅವರೂ ಹಾಗೆ ನೆಪ ಹೇಳುವ ಜಾತಿಯವರಲ್ಲ. ಆ ತುಣುಕು ನೋಡುವಾಗ ಇದೂ ಗೊತ್ತಿರಬೇಕು, ಅಷ್ಟೇ ನನ್ನ ಆಸೆ.

ಅದೇ ಅಕ್ಟೋಬರ್‌ನಲ್ಲಿ ತಂಡ ಭಾರತಕ್ಕೆ ಬಂತು. ಕಾನ್ಪುರದ ಮೊದಲ ಟೆಸ್ಟಿನಲ್ಲಿ ಗ್ರೀನಿಜ್ 194. ನಾವು ಇನ್ನಿಂಗ್ಸ್ ಸೋಲು ಸೋತೆವು. ಅದನ್ನು ಯಾರೂ ಟಿವಿಯಲ್ಲಿ ಹಾಕುವುದಿಲ್ಲ.

ಎರಡನೇ_ಸ್ಲಿಪ್

ಸರ್, ಆಂಟಿಗಾ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತುಂಬಾ ಥ್ಯಾಂಕ್ಸ್.

ಹೇನ್ಸ್ ಜೊತೆಗಿನ ಜೋಡಿ ಬಗ್ಗೆ ಯಾರಾದರೂ ಬರೆಯಿರಿ. ನಿವೃತ್ತಿ ಆದ ಮೇಲೆ ಏನು ಮಾಡಿದರು ಎನ್ನುವುದೂ ಬೇಕು.

ಕಡಲತಡಿ

ಜೋಡಿ ಅಂದರೆ ಅದು ಜೋಡಿ ಮಾರಾಯ್ರೆ. ಟೆಸ್ಟಿನಲ್ಲಿ ಓಪನಿಂಗ್ ಜೊತೆಯಾಟದಲ್ಲೇ 6482 ರನ್, 16 ಸಲ ನೂರು ದಾಟಿದ್ದಾರೆ. ಇಬ್ಬರೂ ಬಾರ್ಬಡೋಸ್‌ನವರು. ಕೆನ್ಸಿಂಗ್ಟನ್ ಓವಲ್‌ನಲ್ಲಿ ಒಂದು ಸ್ಟ್ಯಾಂಡಿಗೆ ಇಬ್ಬರ ಹೆಸರನ್ನೂ ಸೇರಿಸಿಯೇ ಇಟ್ಟಿದ್ದಾರೆ. ಹೇನ್ಸ್ ನಗುವ ಮನುಷ್ಯ, ಗ್ರೀನಿಜ್ ಗಂಭೀರ. ಹೇನ್ಸ್ ಒಂದು ತುದಿ ಹಿಡಿದುಕೊಂಡರೆ ಗ್ರೀನಿಜ್ ಆ ಕಡೆ ಸ್ಕ್ವೇರ್ ಕಟ್ ಹೊಡೆಯುತ್ತಿದ್ದದ್ದು, ಪಾಯಿಂಟ್‌ನಲ್ಲಿ ನಿಂತವನು ಕೈ ಹಾಕಲು ಹೆದರುವಂಥ ಹೊಡೆತ. ನನ್ನ ಮಾವನ ಹತ್ತಿರ ಹಳೆಯ ಕ್ರೀಡಾ ಪತ್ರಿಕೆಗಳ ಕಟ್ಟು ಇತ್ತು, ಅದರಲ್ಲಿ ಆ ಕಟ್ ಹೊಡೆಯುವ ಫೋಟೋ ನೋಡಿಯೇ ನಾನು ಅವರ ಅಭಿಮಾನಿ ಆದದ್ದು.

1990ರಲ್ಲಿ ಗ್ರೀನಿಜ್ ನೂರನೇ ಟೆಸ್ಟ್, ಇಂಗ್ಲೆಂಡ್ ವಿರುದ್ಧ, ಅದೇ ಆಂಟಿಗಾದ ಮೈದಾನ. 149 ಹೊಡೆದರು, ಹೇನ್ಸ್ 167, ಜೊತೆಯಾಟ 298. ಏಳು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟು ಹೋದ ಜಾಗದಲ್ಲಿ ಈ ಸಲ ಪೂರ್ತಿ ಆಡಿದರು. ಮರು ವರ್ಷ ಬ್ರಿಜ್‌ಟೌನ್‌ನಲ್ಲಿ ಆಸ್ಟ್ರೇಲಿಯಾ ಎದುರು 226. ಆ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲಿ ವೆಸ್ಟ್ ಇಂಡೀಸ್ 149, ಆಸ್ಟ್ರೇಲಿಯಾ 134. ಅಂಥ ಪಿಚ್ಚಿನಲ್ಲಿ ನಲವತ್ತು ತುಂಬಲು ಕೆಲವೇ ದಿನ ಇರುವ ಮನುಷ್ಯ ತನ್ನ ಅತಿ ದೊಡ್ಡ ಸ್ಕೋರ್ ಮಾಡಿದ. ಸರಾಸರಿ ಲೆಕ್ಕದವರೇ, ಎದುರಿಗೆ ಆಸ್ಟ್ರೇಲಿಯಾ ಇತ್ತು, ಸರಣಿ ಗೆದ್ದದ್ದು ಆ ಟೆಸ್ಟಿನಲ್ಲಿ! ಅದರ ಮುಂದಿನ ಟೆಸ್ಟೇ ಕೊನೆ. ಅದೇ ವರ್ಷ ಇಂಗ್ಲೆಂಡ್ ಪ್ರವಾಸಕ್ಕೆ ಹೋದರು, ಗಾಯವಾಗಿ ವಾಪಸ್ ಬಂದರು.

ನಾಯಕನಾಗಿ ಸಿಕ್ಕಿದ್ದು ಒಂದೇ ಟೆಸ್ಟ್, 1988ರಲ್ಲಿ ಜಾರ್ಜ್‌ಟೌನ್‌ನಲ್ಲಿ ಪಾಕಿಸ್ತಾನದ ವಿರುದ್ಧ. ಇಮ್ರಾನ್ 11 ವಿಕೆಟ್ ತೆಗೆದರು, ಸೋಲು.

ನಿವೃತ್ತಿ ಆದ ಮೇಲಿನದು ಬಾಂಗ್ಲಾದೇಶದ ಕಥೆ. ಅಲ್ಲಿ ಕೋಚ್ ಆದರು. 1997ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಅರ್ಹತೆಯ ಟೂರ್ನಿಯಾದ ಐಸಿಸಿ ಟ್ರೋಫಿಯ ಫೈನಲ್, ಕೀನ್ಯಾ ವಿರುದ್ಧ ಕೊನೆಯ ಚೆಂಡಿನಲ್ಲಿ ಗೆಲುವು. ಬಾಂಗ್ಲಾದೇಶ ಮೊದಲ ಸಲ ವಿಶ್ವಕಪ್‌ಗೆ ಹೋದದ್ದು ಆ ಟೂರ್ನಿಯಿಂದ. ಅಲ್ಲಿನ ಸರ್ಕಾರ ಗ್ರೀನಿಜ್‌ಗೆ ಗೌರವ ಪೌರತ್ವ ಕೊಟ್ಟಿತು. ಆದರೆ ಎರಡು ವರ್ಷದ ಮೇಲೆ, 1999ರ ವಿಶ್ವಕಪ್‌ನಲ್ಲಿ, ನಾರ್ತಾಂಪ್ಟನ್‌ನಲ್ಲಿ ಪಾಕಿಸ್ತಾನದ ಪಂದ್ಯದ ದಿನವೇ ಕೋಚ್ ಕೆಲಸದಿಂದ ತೆಗೆದರು. ಅವತ್ತು ಬಾಂಗ್ಲಾದೇಶ ಪಾಕಿಸ್ತಾನವನ್ನು 62 ರನ್‌ಗೆ ಸೋಲಿಸಿತು. ಇಡೀ ದೇಶ ಬೀದಿಗೆ ಬಂದು ಕುಣಿದ ಗೆಲುವು ಅದು, ತಂಡ ಕಟ್ಟಿದವನಿಗೆ ಅದರಲ್ಲಿ ಪಾಲಿಲ್ಲ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುವುದು, ಒಂದು ದಿನ ತಡೆದಿದ್ದರೆ ಏನು ಹೋಗುತ್ತಿತ್ತು?

2020ರಲ್ಲಿ ಸರ್ ಪದವಿ ಬಂತು, ಲಾಯ್ಡ್‌ಗೂ ಅದೇ ಪಟ್ಟಿಯಲ್ಲಿ. ರಿಚರ್ಡ್ಸ್‌ಗೆ ಅದು 1999ರಲ್ಲೇ ಬಂದಿತ್ತು.

ಸರಾಸರಿ_ಲೆಕ್ಕ

226ರ ಮಾತು ಒಪ್ಪಿದೆ. ಗಾವಸ್ಕರ್ ನಂತರ ಯಾರು ಎಂದು ಕೇಳಿದರೆ ಗ್ರೀನಿಜ್ ಹೆಸರು ಹೇಳುತ್ತೇನೆ, ಬಾಯ್ಕಾಟ್‌ಗಿಂತ ಮೇಲೆಯೇ ಇಡುತ್ತೇನೆ, ಏಕೆಂದರೆ ಬಾಯ್ಕಾಟ್ ಪಂದ್ಯ ಉಳಿಸುತ್ತಿದ್ದರು, ಇವರು ಒಂದೇ ದಿನದಲ್ಲಿ ಗೆಲ್ಲಿಸುತ್ತಿದ್ದರು. ಗಾವಸ್ಕರ್‌ಗಿಂತ ಮೇಲೆ ಮಾತ್ರ ಇಲ್ಲ.

ಕುಂಟುವ_ಓಪನರ್

ಗಾವಸ್ಕರ್‌ಗಿಂತ ಮೇಲೆ ಎಂದು ಇಲ್ಲಿ ಯಾರೂ ಹೇಳಲಿಲ್ಲವಲ್ಲ. ಸಾಕು ಬಿಡಿ, ಅಷ್ಟಾದರೆ ನನಗೆ ಖುಷಿ.

ಎರಡನೇ_ಸ್ಲಿಪ್

ಒಂದೇ ಒಂದು ಇನ್ನಿಂಗ್ಸ್ ನೋಡಬೇಕೆಂದರೆ ಯಾವುದರಿಂದ ಶುರು ಮಾಡಲಿ? ಲಾರ್ಡ್ಸ್ 214 ಅಲ್ವಾ?

ಸೌತಾಂಪ್ಟನ್_ಕನ್ನಡಿಗ

ಲಾರ್ಡ್ಸ್ ನೋಡಿ, ಯೂಟ್ಯೂಬ್‌ನಲ್ಲಿ ತುಣುಕುಗಳು ಸಿಗುತ್ತವೆ. ಆದರೆ ಅದಾದ ಮೇಲೆ 1976ರ ಓಲ್ಡ್ ಟ್ರಾಫರ್ಡ್ ಕೂಡ ಹುಡುಕಿ. ಲಾರ್ಡ್ಸ್‌ನಲ್ಲಿ ಬೌಲಿಂಗ್ ಸುಸ್ತಾಗಿದ್ದಾಗ ಹೇಗೆ ಬಾರಿಸುತ್ತಾರೆ ಎಂದು ಕಾಣುತ್ತದೆ. ಚೆಂಡು ಎಲ್ಲಿಂದ ಏಳುತ್ತದೆ ಎಂದು ಗೊತ್ತಾಗದ ಪಿಚ್ಚಿನಲ್ಲಿ ಹೇಗೆ ನಿಲ್ಲುತ್ತಾರೆ ಎನ್ನುವುದಕ್ಕೆ ಓಲ್ಡ್ ಟ್ರಾಫರ್ಡ್ ಬೇಕು. ಹೊಡೆತಕ್ಕಿಂತ ಬಿಡುವ ಚೆಂಡುಗಳನ್ನು ಗಮನಿಸಿ.